ನಡುವಿನ ಹಂತಗಳನ್ನು ಬಿಟ್ಟ ಲೆಕ್ಕ

ವಿರಾಜಪೇಟೆ ಕಡೆಯ ನಿವೃತ್ತ ಗಣಿತ ಶಿಕ್ಷಕಿಯೊಬ್ಬರ ಪತ್ರವನ್ನು ಈ ಸಂಚಿಕೆಯ ಉತ್ತರಕ್ಕಾಗಿ ಆರಿಸಿಕೊಂಡಿದ್ದೇನೆ. ಹೆಸರು ಬೇಡವೆಂದು ಅವರು ಕೋರಿದ್ದಾರೆ. ಕಳೆದ ತಿಂಗಳು ನಾವು ಪರಿಚಯಿಸಿದ್ದ 1962ರ ಅಮೆರಿಕನ್ ಚಿತ್ರ ‘ಡೇಸ್ ಆಫ್ ವೈನ್ ಅಂಡ್ ರೋಸಸ್’ ಅನ್ನು ಸೊಸೆಯ ಜೊತೆ ಕುಳಿತು ನೋಡಿದ ಅವರಿಗೆ ನಮ್ಮ ಮೇಲೆ ಕೋಪ ಬಂದಿದೆ. ಕುಡಿತ ಬಿಟ್ಟ ಗಂಡ ಹೆಂಡತಿಯನ್ನು ಬೀದಿಗೆ ಬಿಟ್ಟು ಕಿಟಕಿಯಲ್ಲಿ ನಿಂತು ನೋಡುವ ಈ ಕಥೆಯಿಂದ ನೊಂದ ಮನೆಗಳಿಗೆ ಏನು ಸಿಕ್ಕೀತು, ಇಬ್ಬರನ್ನೂ ಗುಣಪಡಿಸಿ ಒಂದು ಮಾಡಿದ್ದರೆ ನಿರ್ದೇಶಕರ ಗಂಟೇನು ಹೋಗುತ್ತಿತ್ತು, ಹೆಂಗಸು ಕುಡಿಯುವುದನ್ನು ಅಷ್ಟು ವಿವರವಾಗಿ ತೋರಿಸಬೇಕಿತ್ತೇ ಎಂದು ಅವರು ಕೇಳಿದ್ದಾರೆ. ಮದ್ಯವರ್ಜನ ಶಿಬಿರ ಮುಗಿಸಿ ಬಂದ ತಮ್ಮ ಮಗ ನಾಲ್ಕು ತಿಂಗಳಿನಿಂದ ಕುಡಿದಿಲ್ಲವೆಂದೂ, ಬರುವ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡಗಿನ ಆಯುಧಪೂಜೆಯ ಹಬ್ಬಕ್ಕೆ, ಮನೆಗೆ ಬಾಟಲಿ ತರಬೇಕೇ ಬೇಡವೇ ಎಂಬ ಚರ್ಚೆ ಈಗಲೇ ಶುರುವಾಗಿದೆಯೆಂದೂ ಪತ್ರದ ಕೊನೆಗೆ ಬರೆದಿದ್ದಾರೆ.

ಟೀಚರ್, ನೊಂದವರಿಗೆ ಭರವಸೆ ಬೇಕು ಎಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ನೀವು, ನಡುವಿನ ಹಂತಗಳನ್ನು ಬಿಟ್ಟು ಉತ್ತರವನ್ನಷ್ಟೇ ಬರೆದ ಹುಡುಗನಿಗೆ ಎಂದಾದರೂ ಪೂರ್ತಿ ಅಂಕ ಕೊಟ್ಟದ್ದುಂಟೇ? ನೀವು ಬಯಸುವ ಮುಕ್ತಾಯ ಅಂಥ ಉತ್ತರ. ನಮ್ಮ ಸಿನಿಮಾಗಳು ಅದನ್ನೇ ಬರೆಯುತ್ತ ಬಂದಿವೆ: ಹೆಂಡತಿಯ ಕಣ್ಣೀರು, ಮಗುವಿಗೆ ಜ್ವರ, ದೇವರ ಮುಂದೆ ಒಂದು ಆಣೆ, ಮರುದಿನ ಬೆಳಗ್ಗೆ ಬಿಳಿ ಅಂಗಿ ತೊಟ್ಟ ಹೊಸ ಮನುಷ್ಯ. ಇದನ್ನು ನೋಡಿ ಬೆಳೆದ ಮನೆಗಳಲ್ಲಿ ಆಣೆಯ ನಂತರ ಕಾಲು ಜಾರಿದವನನ್ನು ಯಾರೂ ರೋಗಿ ಎನ್ನುವುದಿಲ್ಲ, ಮಾತಿಗೆ ತಪ್ಪಿದ ಪಾಪಿ ಎನ್ನುತ್ತಾರೆ. ಅವನೂ ಅದನ್ನೇ ನಂಬಿ ಇನ್ನಷ್ಟು ಕುಡಿಯುತ್ತಾನೆ.

ಚಿತ್ರವನ್ನು ನೋಡದ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ಬ್ಲೇಕ್ ಎಡ್ವರ್ಡ್ಸ್ ನಿರ್ದೇಶಿಸಿದ ಈ ಕಥೆ 1958ರಲ್ಲಿ ಮೊದಲು ದೂರದರ್ಶನದ ನಾಟಕವಾಗಿ ಬಂದಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಪ್ರಚಾರಾಧಿಕಾರಿ ಜೋ ಆಗಿ ಜ್ಯಾಕ್ ಲೆಮನ್, ಅವನ ಹೆಂಡತಿ ಕರ್ಸ್ಟನ್ ಆಗಿ ಲೀ ರೆಮಿಕ್ ನಟಿಸಿದ್ದಾರೆ. ಕುಡಿತವೇ ಗೊತ್ತಿಲ್ಲದ ಆ ಹುಡುಗಿಗೆ ಚಾಕೊಲೇಟ್ ಎಂದರೆ ಪ್ರಾಣವೆಂದು ತಿಳಿದ ಜೋ, ಚಾಕೊಲೇಟಿನ ರುಚಿಯಿರುವ ಬ್ರಾಂದಿಯ ಮಿಶ್ರಣವನ್ನು ಪ್ರೀತಿಯಿಂದಲೇ ಕುಡಿಸುತ್ತಾನೆ. ಹೆಂಗಸಿನ ಕುಡಿತವನ್ನೇಕೆ ತೋರಿಸಿದರು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಆ ಸಿಹಿ ಲೋಟದಲ್ಲೇ ಇದೆ. ನಮ್ಮ ಮನೆಗಳಲ್ಲಿ ನೆಲ್ಲಿಕಾಯಿಯ ವೈನನ್ನು ‘ಹಣ್ಣಿನ ರಸ ತಾನೇ’ ಎಂದು ಹೆಣ್ಣುಮಕ್ಕಳ ಕೈಗೆ ಕೊಡುವುದಿಲ್ಲವೇ? ಅವಳು ಅಲ್ಲಿಗೇ ನಿಲ್ಲಿಸಿದರೆ ಸರಿ, ನಿಲ್ಲಿಸಲಾಗದಿದ್ದರೆ ಆ ಮಾತು ಅಡುಗೆಮನೆಯ ಬಾಗಿಲು ದಾಟಿ ಹೊರಗೆ ಬರುವುದಿಲ್ಲ, ವೈದ್ಯರವರೆಗೂ ಹೋಗುವುದಿಲ್ಲ.

ಗಂಡಹೆಂಡಿರು ಅವಳ ತಂದೆಯ ಸಸ್ಯಪಾಲನೆಯ ಮನೆಗೆ ಹೋಗಿ ಕೆಲವು ಕಾಲ ಕುಡಿಯದೆ ದುಡಿಯುತ್ತಾರೆ. ಆಮೇಲೆ ಒಂದು ರಾತ್ರಿ, ಗಾಜಿನ ಮನೆಯ ಹೂಕುಂಡವೊಂದರಲ್ಲಿ ತಾನೇ ಹೂತಿಟ್ಟಿದ್ದ ಬಾಟಲಿ ಯಾವ ಕುಂಡದಲ್ಲಿದೆಯೆಂದು ಮರೆತ ಜೋ, ಮಾವ ವರ್ಷಗಟ್ಟಲೆ ಸಾಕಿದ ಗಿಡಗಳನ್ನು ಒಂದೊಂದಾಗಿ ಕಿತ್ತೆಸೆಯುತ್ತಾನೆ. ಕಾಫಿ ಸಸಿಗಳ ಚೀಲಗಳ ನಡುವೆ ಬೆಳೆದ ನನ್ನಂಥವನಿಗೆ, ಬೇರು ಮೇಲಾಗಿ ಬಿದ್ದ ಆ ಗಿಡಗಳನ್ನು ನೋಡುವುದು ಕಷ್ಟವಾಯಿತು.

ನನ್ನ ದೊಡ್ಡಪ್ಪನೂ ಬಚ್ಚಿಡುತ್ತಿದ್ದರು. ಸೇನೆಯಿಂದ ನಿವೃತ್ತರಾಗಿ ಬಂದು ತೋಟ ನೋಡಿಕೊಳ್ಳುತ್ತಿದ್ದ ಶಿಸ್ತಿನ ಮನುಷ್ಯ. ಊರಿನವರ ಕಣ್ಣಿಗೆ ‘ಅಂಕೆಯಲ್ಲಿ ಕುಡಿಯುವವರು’. ಒಂದು ಫೆಬ್ರವರಿಯಲ್ಲಿ ಕಾಫಿ ವ್ಯಾಪಾರಿ ಮನೆಗೆ ಬಂದಿದ್ದ. ಮಾದರಿ ತೆಗೆಯಲು ಅವನ ಹುಡುಗ ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ಚೆರಿ ಕಾಫಿಯ ಮೂಟೆಗೆ ಚುಚ್ಚಿದಾಗ ಒಳಗೆ ಗಾಜು ಒಡೆದ ಸದ್ದಾಯಿತು. ಗೋಣಿಯ ಬುಡ ನಿಧಾನವಾಗಿ ಕಪ್ಪಾಗುತ್ತ ಬಂತು, ಒಣಗಿದ ಕಾಫಿ ಸಿಪ್ಪೆಯ ವಾಸನೆಯೊಂದಿಗೆ ರಮ್ಮಿನ ವಾಸನೆ ಕಣದ ತುಂಬ ಹರಡಿತು. ಯಾರೂ ಮಾತಾಡಲಿಲ್ಲ. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, ‘ಆ ಮೂಟೆ ಬಿಡಿ, ಇದನ್ನು ನೋಡಿ’ ಎಂದು ಪಕ್ಕದ ಚೀಲವನ್ನು ತಾವೇ ಎಳೆದು ಕೊಟ್ಟರು. ಅಷ್ಟು ವರ್ಷ ಆ ಮನೆಯ ಮಾನವನ್ನು ಅವರು ಹೇಗೆ ಕಾಯ್ದುಕೊಂಡು ಬಂದಿದ್ದರೆಂಬುದು ನನಗೆ ಅಂದು ತಿಳಿಯಿತು.

ಅದರ ಮರುವಾರ ಹಿರಿಯರೆಲ್ಲ ಸೇರಿ ದೊಡ್ಡಪ್ಪನನ್ನು ತಲಕಾವೇರಿಗೆ ಕರೆದುಕೊಂಡು ಹೋಗಿ ಆಣೆ ಮಾಡಿಸಿದರು. ಅವರು ಆಣೆಯನ್ನು ಪ್ರಾಮಾಣಿಕವಾಗಿ ಪಾಲಿಸಿದರು ಕೂಡ. ಮೂರನೆಯ ರಾತ್ರಿ ಮೈಯೆಲ್ಲ ನಡುಗತೊಡಗಿತು, ಗೋಡೆಯ ಮೇಲೆ ಇರುವೆ ಹರಿದಂತೆ ಕಂಡಿತು, ಸತ್ತುಹೋದ ಜೊತೆಗಾರರ ಹೆಸರು ಹಿಡಿದು ಕೂಗಿದರು. ಗಾಳಿ ಸೋಕಿದೆಯೆಂದು ಮನೆಯವರು ಮಂತ್ರಿಸುವವರನ್ನು ಕರೆತಂದರು. ಬಹುಕಾಲ ವಿಪರೀತವಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನಗಳಲ್ಲಿ ಬರಬಹುದಾದ ಸನ್ನಿ ಅದು. ಚಿಕಿತ್ಸೆ ಸಿಗದಿದ್ದರೆ ಪ್ರಾಣವನ್ನೇ ತೆಗೆಯಬಹುದು. ಆಸ್ಪತ್ರೆಯಲ್ಲಿ ಅದನ್ನು ತಗ್ಗಿಸುವ ಔಷಧಿಯಿದೆ, ಮಿದುಳನ್ನು ಕಾಪಾಡಲು ಬಿ1 ಜೀವಸತ್ವದ ಚುಚ್ಚುಮದ್ದು ಇದೆ. ಜೋನ ಕೈಕಾಲು ಕಟ್ಟಿಹಾಕಿದ ಆಸ್ಪತ್ರೆಯ ದೃಶ್ಯ ಅತಿಯಾಯಿತೆಂದು ನೀವು ಬರೆದಿದ್ದೀರಿ. ನನಗೆ ಅದು ನಮ್ಮ ಜಗಲಿಯಲ್ಲೇ ಕಂಡದ್ದು. ದೊಡ್ಡಪ್ಪ ಉಳಿದದ್ದು, ಐದನೆಯ ಮನೆಯ ನರ್ಸ್ ಒಬ್ಬರು ಯಾರ ಮಾತನ್ನೂ ಕೇಳದೆ ಜೀಪು ತರಿಸಿದ್ದರಿಂದ.

ಇನ್ನು ನಿಮ್ಮನ್ನು ಅಷ್ಟು ನೋಯಿಸಿದ ಮುಕ್ತಾಯ. ಜೋ ಹೆಂಡತಿಯನ್ನು ಹೊರಗೆ ಹಾಕುವುದಿಲ್ಲ, ಟೀಚರ್. ಆಸ್ಪತ್ರೆಯಿಂದ ಬಂದು, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟ ಸೇರಿದ್ದ ಅವನು, ಹೋಟೆಲಿನ ಕೋಣೆಯಲ್ಲಿ ಕುಡಿಯುತ್ತಿದ್ದ ಅವಳನ್ನು ಕರೆತರಲು ಒಮ್ಮೆ ಹೋಗಿದ್ದ. ಅವಳ ಒಂಟಿತನ ನೋಡಲಾರದೆ ಜೊತೆಗೆ ಕುಡಿದು ಮತ್ತೆ ಆಸ್ಪತ್ರೆ ಸೇರಿದ. ಕೊನೆಯಲ್ಲಿ ಅವಳು ಬಂದು, ಮನೆ ಬೇಕು ಆದರೆ ಇನ್ನೆಂದೂ ಕುಡಿಯುವುದಿಲ್ಲವೆಂದು ಹೇಳಲಾರೆ ಎಂದಾಗ, ಮಗಳು ಒಳಗೆ ಮಲಗಿರುವ ಆ ಮನೆಯಲ್ಲಿ ಅವನು ಬೇರೇನು ಮಾಡಬಹುದಿತ್ತು? ತಾಯಿ ಗುಣವಾಗುತ್ತಾಳೆಯೇ ಎಂದು ಕೇಳುವ ಮಗುವಿಗೆ, ನಾನು ಗುಣವಾಗಲಿಲ್ಲವೇ ಎಂದು ಜೋ ಹೇಳುವ ಮಾತಿನಲ್ಲಿ ನೀವು ಹುಡುಕಿದ ಭರವಸೆ ಇದೆ. ಅವಳ ಪರವಾಗಿ ಅವನು ಆಣೆ ಇಡುವುದಿಲ್ಲ, ಅಷ್ಟೇ. ಲೆಮನ್ ಅವರೂ ತಾವು ಮದ್ಯವ್ಯಸನಿಯಾಗಿದ್ದುದನ್ನು ಎಷ್ಟೋ ವರ್ಷಗಳ ಮೇಲೆ ಸಂದರ್ಶನವೊಂದರಲ್ಲಿ ಹೇಳಿಕೊಂಡರು. ಅದನ್ನು ತಿಳಿದ ಮೇಲೆ ಆ ಕಿಟಕಿಯ ಬಳಿಯ ಮುಖವನ್ನು ಇನ್ನೊಮ್ಮೆ ನೋಡಿ.

1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಆ ಕೂಟವನ್ನು ಹುಟ್ಟುಹಾಕಿದ ಬಿಲ್ ವಿಲ್ಸನ್ ಎಂಬ ವ್ಯಾಪಾರಿಯೂ ಬಾಬ್ ಸ್ಮಿತ್ ಎಂಬ ವೈದ್ಯರೂ ಕಂಡುಕೊಂಡದ್ದು ಇದನ್ನೇ: ಕುಡುಕನ ಮಾತು ಕುಡುಕನಿಗೆ ಅರ್ಥವಾಗುತ್ತದೆ, ಮತ್ತು ಜೀವಮಾನದ ಆಣೆಗಿಂತ ಇವತ್ತೊಂದು ದಿನ ಕುಡಿಯದಿರುವುದು ಸಾಧ್ಯ. 1951ರಲ್ಲಿ ಬಿಲ್ ಅವರ ಪತ್ನಿ ಲೋಯಿಸ್ ಕುಟುಂಬದವರಿಗಾಗಿಯೇ ಇನ್ನೊಂದು ಕೂಟ ಕಟ್ಟಲು ನೆರವಾದರು. ಏಕೆಂದರೆ ಮೂಟೆ ಬದಲಿಸಿಕೊಡುವ ದೊಡ್ಡಮ್ಮಂದಿರಿಗೂ ಚಿಕಿತ್ಸೆ ಬೇಕು. ನಮ್ಮಲ್ಲಿಯೂ ಧರ್ಮಸ್ಥಳದ ಕಡೆಯಿಂದ ನಡೆಯುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳ ಬಗ್ಗೆ ನನಗೆ ಗೌರವವಿರುವುದು ಆ ಎಂಟು ದಿನಗಳಿಗಾಗಿ ಮಾತ್ರವಲ್ಲ, ಕುಡಿತ ಬಿಟ್ಟವರು ಆನಂತರ ಒಂದಾಗಿ ಕೂರುವ ನವಜೀವನ ಸಮಿತಿಗಳಿಗಾಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ, ನಿಜ. ಆದರೆ ತೋಟದ ಲೈನ್ ಮನೆಯ ಕೂಲಿಯವನು ಬೆಂಗಳೂರಿಗೆ ಹೇಗೆ ಹೋದಾನು? ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅದರ ಜಾಗಕ್ಕೆ 90 ಮಿಲಿಲೀಟರಿನ ಅಗ್ಗದ ವಿಸ್ಕಿ ಪೊಟ್ಟಣ ಬಂತು. ಭಾನುವಾರ ಗೋಣಿಕೊಪ್ಪದ ಸಂತೆ ಮುಗಿಯುವ ಹೊತ್ತಿಗೆ ಬಟವಾಡೆಯ ಹಣ ಎಲ್ಲಿಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ. ಪೊಟ್ಟಣ ಪ್ರತಿ ತಿರುವಿನಲ್ಲೂ ಸಿಗುವಂತೆ ನೋಡಿಕೊಂಡ ವ್ಯವಸ್ಥೆ, ಬಿಟ್ಟವನು ಸಂಜೆ ಆರು ಗಂಟೆಗೆ ಹೋಗಿ ಕೂರಲು ಒಂದು ಬೆಂಚನ್ನೂ ಹಾಕಿಲ್ಲ.

ವ್ಯವಸ್ಥೆಯನ್ನು ಬೈದು ನಾವು ಜಾರಿಕೊಳ್ಳುವಂತೆಯೂ ಇಲ್ಲ. ದೊಡ್ಡಪ್ಪ ಎರಡು ವರ್ಷ ಚೆನ್ನಾಗಿದ್ದು ಮತ್ತೆ ಬಿದ್ದದ್ದು ಮದುವೆಯ ಚಪ್ಪರದಲ್ಲಿ. ಕೈಯಲ್ಲಿ ನಿಂಬೆ ಪಾನಕದ ಲೋಟ ಹಿಡಿದು ನಿಂತಿದ್ದವರಿಗೆ, ‘ಮಿಲಿಟರಿಯವರಾಗಿ ಇದೇನು, ಒಂದೇ ಒಂದು’ ಎಂದು ಸುರಿದುಕೊಟ್ಟವರು ಬೇರೆಯವರಲ್ಲ, ತಲಕಾವೇರಿಯಲ್ಲಿ ಪಕ್ಕದಲ್ಲಿ ನಿಂತು ಆಣೆ ಮಾಡಿಸಿದ್ದ ಹಿರಿಯರೇ. ಕೊಡಗಿನವರಿಗೆ ಕುಡಿಯಲು ಗೊತ್ತು ಎಂಬ ಹೆಮ್ಮೆಯ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಕುಡಿಯದೆ ನಿಂತವನನ್ನು ಹಾಗೇ ನಿಲ್ಲಲು ಬಿಡುವುದು ನಮಗೆ ಇನ್ನೂ ಗೊತ್ತಾಗಿಲ್ಲ. ದೊಡ್ಡಪ್ಪ ಮೂರನೆಯ ಸಲ ಆಸ್ಪತ್ರೆಯಿಂದ ಬಂದ ಮೇಲೆ ಹನ್ನೊಂದು ವರ್ಷ ಕುಡಿಯದೆ ಬದುಕಿ ತೀರಿಕೊಂಡರು; ಆ ಹನ್ನೊಂದು ವರ್ಷ ಅವರು ಯಾವ ಮದುವೆಯಲ್ಲೂ ಊಟಕ್ಕೆ ನಿಲ್ಲಲಿಲ್ಲ.

ಆದ್ದರಿಂದ ಕೈಲ್ ಮುಹೂರ್ತದ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಈ ವರ್ಷ ನಿಮ್ಮ ಮನೆಗೆ ಬಾಟಲಿ ಬೇಡ. ಕುಲದ ಪೂರ್ವಜರಾದ ಗುರುಕಾರೋಣರಿಗೆ ಮೀದಿ, ಅಂದರೆ ಮದ್ಯವೂ ಸೇರಿದ ಎಡೆ, ಇಡುವ ಪದ್ಧತಿಯ ಬಗ್ಗೆ ನೀವೇ ಮನೆತನದ ಹಿರಿಯರಾದ ಪಟ್ಟೆದಾರರ ಬಳಿ ಹೋಗಿ ಮಾತಾಡಿ, ಅದನ್ನು ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಅವರೇ ನಡೆಸಿ ಉಳಿದದ್ದನ್ನು ಅಲ್ಲಿಂದಲೇ ಕಳಿಸಿಬಿಡಲಿ. ಕೋವಿಗೆ ಹೂ ಮುಡಿಸುವಾಗ ಮಗ ಎಲ್ಲರ ಜೊತೆ ಇರಲಿ, ಕಡಂಬುಟ್ಟು ಪಂದಿಕರಿ ತಿನ್ನಲಿ. ಸಂಜೆಗೆ ನೆಂಟರು ಗುಂಪಾಗುವ ಮೊದಲು ನವಜೀವನ ಸಮಿತಿಯ ಗೆಳೆಯರೊಬ್ಬರು ಬಂದು ಅವನನ್ನು ಕರೆದುಕೊಂಡು ಹೋಗುವಂತೆ ಇಂದೇ ಹೇಳಿಡಿ. ಮತ್ತು ಇದನ್ನೆಲ್ಲ ಅವನ ಬೆನ್ನ ಹಿಂದೆ ಮಾಡಬೇಡಿ, ಅವನನ್ನೂ ಕೂರಿಸಿಕೊಂಡು ಕೇಳಿ. ಹಬ್ಬ ಕಳೆದ ಮೇಲೆ ನನಗೊಂದು ಪತ್ರ ಹಾಕಿ, ಅದನ್ನು ಪ್ರಕಟಿಸುವುದಿಲ್ಲ.

— ಸಂಪಾದಕ