ಬೆಂಡೆ ಸಸಿ ಹೊರಗೆ ನೆಟ್ಟ ಮೇಲೆ ಯಾಕೆ ಸಾಯುತ್ತೆ, ಈಗ ಏನು ಮಾಡಬಹುದು

ಅಕ್ಕಾ, ಮಾರ್ಚ್ ಕೊನೆಗೆ ಮನೆಯೊಳಗೆ ಒಂದೇ ಟ್ರೇಯಲ್ಲಿ ಬಿತ್ತಿದ ಬೆಂಡೆ ಗೇಣುದ್ದ ಬಂದಿತ್ತು, ಮೇ 12ಕ್ಕೆ ಬಿಡಿಸಿ ಹೊರಗೆ ನೆಟ್ಟೆ, ವಾರದೊಳಗೆ ಎಲೆಯೆಲ್ಲ ಹಳದಿಯಾಗಿ ಉದುರಿತು ಅಂತ ಬರೆದಿದ್ದೀರಿ. ಫೋಟೊ ನೋಡಿ ಸಂಕಟವಾಯ್ತು. ಇದು ಗೊಬ್ಬರದ ಕೊರತೆ ಅಲ್ಲ, ಈಗ ಏನನ್ನೂ ಸುರಿಯಬೇಡಿ. ಬಿಡಿಸುವಾಗ ಬೇರು ಹರಿದಿದೆ, ಅದರ ಮೇಲೆ ಚಳಿ ತಾಗಿದೆ. ಇಲ್ಲಿ ಮಿಶಿಗನ್‌ನಲ್ಲಿ ನನಗೂ ಮೊದಲ ಎರಡು ವರ್ಷ ಹೀಗೇ ಆಗಿತ್ತು.

ಟೊಮೆಟೊ, ಮೆಣಸಿನ ಸಸಿಯನ್ನು ಕಿತ್ತು ನೆಟ್ಟರೂ ನಾಲ್ಕು ದಿನ ಬಾಡಿ ಚೇತರಿಸಿಕೊಳ್ಳುತ್ತೆ. ಬೆಂಡೆ ಹತ್ತಿಯ ಬಳಗದ್ದು, ಮೊಳಕೆ ಒಡೆದ ಕೂಡಲೇ ತಾಯಿಬೇರನ್ನು ನೆಟ್ಟಗೆ ಕೆಳಕ್ಕೆ ಇಳಿಸುತ್ತೆ. ಒಂದು ಸಲ ಪೇಪರ್ ಕಪ್ ಸೀಳಿ ನೋಡಿದ್ದೆ. ಮೇಲೆ ಎರಡಿಂಚು ಸಸಿ, ಬೀಜದೆಲೆ ಬಿಟ್ಟರೆ ಒಂದೇ ಎಲೆ. ಕೆಳಗೆ ಬಿಳಿ ಬೇರು ನಾಲ್ಕಿಂಚಿನ ಕಪ್ಪಿನ ತಳ ಮುಟ್ಟಿ ಸುತ್ತಲು ಶುರು ಮಾಡಿತ್ತು! ನಮ್ಮೂರಲ್ಲಿ ಬೆಂಡೆಗೆ ಸಸಿಮಡಿ ಮಾಡದೆ ನೇರ ಸಾಲಿಗೇ ಬೀಜ ಊರುವುದು ಸುಮ್ಮನೆ ಅಲ್ಲ. ಇಲ್ಲಿ ಬೇಸಿಗೆ ಗಿಡ್ಡ, ಹಾಗಾಗಿ ಒಳಗೆ ಶುರು ಮಾಡಬೇಕಾಗುತ್ತೆ, ಅಷ್ಟೇ.

ಮುಂದಿನ ವರ್ಷ ಮಾರ್ಚ್‌ನಲ್ಲಿ ಬೀಜ ಮುಟ್ಟಲೇಬೇಡಿ. ಏಪ್ರಿಲ್ ಕೊನೆ ಸಾಕು, ಸಸಿಗೆ ನಾಲ್ಕು ವಾರ ಆದರೆ ಸರಿ. ಬೀಜದ ಸಿಪ್ಪೆ ಗಟ್ಟಿ, ರಾತ್ರಿಯಿಡೀ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ. ಒಂದು ಕಪ್ಪಿಗೆ ಎರಡು ಬೀಜ, ಅರ್ಧ ಇಂಚಿನಿಂದ ಒಂದಿಂಚು ಆಳ. ಎರಡೂ ಹುಟ್ಟಿದರೆ ಬಡಕಲು ಸಸಿಯನ್ನು ಕತ್ತರಿಯಿಂದ ಕತ್ತರಿಸಿ, ಎಳೆಯಬೇಡಿ, ಪಕ್ಕದ್ದರ ಬೇರೂ ಅಲುಗುತ್ತೆ. ನಾನು ಕಪ್ಪನ್ನು ನ್ಯೂಸ್‌ಪೇಪರಲ್ಲೇ ಸುತ್ತಿ ಮಾಡಿಕೊಳ್ಳುತ್ತೇನೆ. ನೆಡುವಾಗ ಕಾಗದದ ಸಮೇತ ನೆಲಕ್ಕೆ. ಆದರೆ ಕಾಗದದ ಅಂಚು ಮಣ್ಣಿನ ಮೇಲೆ ಕಾಣಬಾರದು, ಅದು ದೀಪದ ಬತ್ತಿಯ ಹಾಗೆ ತೇವ ಹೀರಿ ಗಾಳಿಗೆ ಬಿಡುತ್ತೆ.

ಶಾಖವೇ ಎಲ್ಲಕ್ಕಿಂತ ಮುಖ್ಯ. ಮಣ್ಣು 60 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಮೊಳಕೆಗೆ ಮೂರು ನಾಲ್ಕು ವಾರ ಹಿಡಿಯುತ್ತೆ, ಅಷ್ಟರೊಳಗೆ ಬೀಜ ಕೊಳೆಯುವುದೇ ಹೆಚ್ಚು. 85 ಇದ್ದರೆ ಒಂದು ವಾರ. ಬೇಸ್‌ಮೆಂಟ್‌ನಲ್ಲಿಡುವುದಾದರೆ ಹೀಟ್ ಮ್ಯಾಟ್ (ಕಪ್ಪಿನ ಕೆಳಗೆ ಹಾಸುವ ಕರೆಂಟಿನ ಬಿಸಿ ಚಾಪೆ) ಬೇಕೇ ಬೇಕು. ಮೊಳಕೆ ಕಂಡ ದಿನವೇ ಗ್ರೋ ಲೈಟನ್ನು (ಸಸಿ ಬೆಳೆಸುವ ದೀಪ) ಸಸಿಗಿಂತ ಮೂರು ನಾಲ್ಕಿಂಚು ಮಾತ್ರ ಮೇಲಿರುವಂತೆ ಇಳಿಸಿ. ನಿಮ್ಮ ಸಸಿ ಗೇಣುದ್ದ ಬಂದದ್ದು ಆರೋಗ್ಯ ಅಲ್ಲ, ಬೆಳಕು ಸಾಲದೆ ನೀಳವಾದದ್ದು.

ಹೊರಗೆ ನೆಡುವ ಮುಂಚೆ ಒಂದು ವಾರ ಹೊರಗಿನ ರೂಢಿ ಮಾಡಿಸಿ. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಆಮೇಲೆ ದಿನದಿನಕ್ಕೆ ಬಿಸಿಲು ಜಾಸ್ತಿ. ಕೊನೆಯ ಫ್ರಾಸ್ಟ್ (ಹಿಮ ಕಟ್ಟುವ ಚಳಿ) ಆಯ್ತು ಅಂತ ಮರುದಿನವೇ ನೆಡಬೇಡಿ. ರಾತ್ರಿ 55ಕ್ಕಿಂತ ಕೆಳಗಿಳಿಯುವುದು ನಿಲ್ಲುವ ತನಕ ಕಾಯಿರಿ, ಅಂದರೆ ಜೂನ್ ಮೊದಲ ವಾರ. ಎರಡು ವಾರ ಮುಂಚೆ ಪಾತಿಗೆ ಕಪ್ಪು ಪ್ಲಾಸ್ಟಿಕ್ ಹೊದಿಸಿದರೆ ಮಣ್ಣು ಬೆಚ್ಚಗಾಗಿರುತ್ತೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಸಂಜೆ ಹೊತ್ತು ನೆಟ್ಟು ಬುಡಕ್ಕೆ ನೀರು.

ತಳಿಯ ಬಗ್ಗೆ ಕೇಳಿದ್ದಿರಿ. ಕ್ಲೆಮ್ಸನ್ ಸ್ಪೈನ್‌ಲೆಸ್ ಇಲ್ಲಿ ಹಳೆಯ ನಂಬಿಕಸ್ಥ ತಳಿ, ಎರಡು ತಿಂಗಳಿಗೆ ಕಾಯಿ. ಊರಿಂದ ಬರುವವರ ಕೈಲಿ ಬೀಜ ತರಿಸಬೇಡಿ. ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಇಲ್ಲದೆ ತರುವ ಹಾಗಿಲ್ಲ, ಅದೂ ಅಲ್ಲದೆ ಕೆಲವು ತಳಿಗಳು ಇಲ್ಲಿನ ಉದ್ದ ಹಗಲಿಗೆ ಹೂವೇ ಬಿಡದೆ ಬರೀ ಎತ್ತರ ಹೋಗುತ್ತವೆ.

ಈ ವರ್ಷದ್ದು ಇನ್ನೂ ಕೈಬಿಟ್ಟಿಲ್ಲ, ಅಕ್ಕಾ. ಉಳಿದ ಬೀಜ ಇವತ್ತು ರಾತ್ರಿ ನೆನೆಹಾಕಿ, ಸತ್ತ ಸಸಿಗಳ ಜಾಗದಲ್ಲೇ ವಾರದ ಕೊನೆಗೆ ನೇರ ಊರಿ. ನಿಮ್ಮ ಶಿಕಾಗೋದಲ್ಲಿ ಮಣ್ಣು ಈಗ 65 ದಾಟಿರಬೇಕು, ಅಡುಗೆಮನೆಯ ಥರ್ಮಾಮೀಟರನ್ನೇ ಬೆಳಿಗ್ಗೆ ಎರಡಿಂಚು ಆಳಕ್ಕೆ ಚುಚ್ಚಿ ನೋಡಿ. ಆಗಸ್ಟ್‌ನಲ್ಲಿ ಕಾಯಿ ಬರುತ್ತೆ. ಹೂ ಬಿಟ್ಟ ಐದಾರನೇ ದಿನಕ್ಕೆ ಕೊಯ್ಯಿರಿ, ತುದಿ ಮುರಿದರೆ ಲಟಕ್ಕನೆ ಮುರಿಯಬೇಕು.