ಲ್ಯಾಬ್ ಇಲ್ಲದೆ 4–5ನೇ ತರಗತಿ ಮಕ್ಕಳಿಗೆ ಬಲ, ಚಲನೆ, ಸರಳ ಯಂತ್ರ ಹೇಗೆ ಕಲಿಸುವುದು?

ಬೆಂಗಳೂರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತೀರಿ, ತರಗತಿಯಲ್ಲಿ 35 ಮಕ್ಕಳು, ಲ್ಯಾಬ್ ಇಲ್ಲ. ಆರು ಸರಳ ಯಂತ್ರಗಳ ಹೆಸರು ಬಾಯಿಪಾಠ ಇದೆ, ಆದರೆ ಅವುಗಳಿಂದ ಏನಾಗುತ್ತದೆ ಎಂದು ಕೇಳಿದರೆ ಎಲ್ಲರದ್ದೂ ‘ಕೆಲಸ ಸುಲಭ ಆಗುತ್ತೆ ಮಿಸ್’ ಅನ್ನುವ ಒಂದೇ ಉತ್ತರ ಎಂದು ಬರೆದಿದ್ದೀರಿ. ತೊಡಕಿರುವುದು ಆ ‘ಸುಲಭ’ದಲ್ಲೇ. ಸರಳ ಯಂತ್ರ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ಬಲ ಅರ್ಧ ಆಯಿತೆಂದರೆ ಕೈ ಎಳೆಯಬೇಕಾದ ದೂರ ಎರಡರಷ್ಟಾಗಿರುತ್ತದೆ. ಹಾಗಾಗಿ ನನ್ನ ಒತ್ತಾಯ ಇಷ್ಟೇ: ಪ್ರತಿ ಪ್ರಯೋಗದಲ್ಲೂ ಬಲ, ದೂರ ಎರಡನ್ನೂ ಅಳೆಸಿ. ಬಲ ಮಾತ್ರ ಅಳೆಸಿದರೆ ಮಕ್ಕಳ ಕಣ್ಣಿಗೆ ಅದು ಮ್ಯಾಜಿಕ್ ಆಗಿಯೇ ಉಳಿಯುತ್ತದೆ.

ಮೊದಲು ಪದಗಳನ್ನು ಸರಿಮಾಡಿಕೊಳ್ಳಿ. ಮನೆಮಾತಿನಲ್ಲಿ ಬಲ, ಶಕ್ತಿ, ಜೋರು ಎಲ್ಲ ಒಂದೇ. ಪಾಠದಲ್ಲಿ ಬಲ ಎಂದರೆ ತಳ್ಳುವುದು ಅಥವಾ ಎಳೆಯುವುದು, ಅಷ್ಟೇ. ಶಕ್ತಿ ಎಂಬ ಪದವನ್ನು ಈ ಪಾಠ ಮುಗಿಯುವವರೆಗೆ ಬಳಸಲೇಬೇಡಿ. ಯಂತ್ರ ಎಂದ ಕೂಡಲೇ ಮಕ್ಕಳು ಮೋಟರ್, ಸ್ವಿಚ್ ನೆನೆಯುತ್ತಾರೆ. ಹಾಗಾಗಿ ಅಡಕತ್ತರಿ, ಈಳಿಗೆಮಣೆ, ಬಾಟಲಿ ಮುಚ್ಚಳ ಇವನ್ನು ಮೇಜಿನ ಮೇಲಿಟ್ಟೇ ಮಾತು ಶುರುಮಾಡಿ.

ಯಂತ್ರಕ್ಕೆ ಮುಂಚೆ ಘರ್ಷಣೆ, ಅಂದರೆ ತಾಗಿಕೊಂಡ ಮೇಲ್ಮೈ ಚಲನೆಯನ್ನು ತಡೆಯುವ ಬಲ, ಬರಲಿ. ‘ತಳ್ಳಿದ ಬಲ ಖಾಲಿ ಆಯ್ತು, ಅದಕ್ಕೇ ನಿಂತಿತು’ ಎಂಬ ನಂಬಿಕೆ ಬಹಳ ಗಟ್ಟಿ. ರಟ್ಟನ್ನು ‘ವಿ’ ಆಕಾರಕ್ಕೆ ಮಡಚಿ 30 ಸೆಂ.ಮೀ. ಉದ್ದದ ಜಾರುದಾರಿ ಮಾಡಿ, ಒಂದು ತುದಿಯನ್ನು 5 ಸೆಂ.ಮೀ. ಎತ್ತರದ ಪುಸ್ತಕಗಳ ಮೇಲಿಡಿ. ಅದೇ ಗೋಲಿಯನ್ನು ಅದೇ ಎತ್ತರದಿಂದ ಟವೆಲ್, ಜಮಖಾನ, ಬರೀ ನೆಲದ ಮೇಲೆ ತಲಾ ಮೂರು ಸಲ ಬಿಡಿಸಿ, ನಿಂತಲ್ಲಿ ಗುರುತು ಹಾಕಿಸಿ. ಗೋಲಿಯನ್ನು ಬಿಡಬೇಕು, ತಳ್ಳಬಾರದು. ಒಂದು ಸ್ಕೇಲ್ ಅಡ್ಡ ಹಿಡಿದು ಮೇಲಕ್ಕೆತ್ತಿದರೆ ಎಲ್ಲರೂ ಒಂದೇ ರೀತಿ ಬಿಡುತ್ತಾರೆ. ಜಾರುದಾರಿ ನೆಲ ಸೇರುವಲ್ಲಿ ಗೋಲಿ ಪುಟಿದರೆ ಲೆಕ್ಕ ಕೆಡುತ್ತದೆ, ಅಲ್ಲಿ ಒಂದು ಹಾಳೆ ಅಂಟಿಸಿ ನುಣುಪು ಮಾಡಿ. ಎಲ್ಲ ಸಲವೂ ಒಂದೇ ರೀತಿ ಬಿಟ್ಟ ಗೋಲಿ ಬೇರೆಬೇರೆ ಕಡೆ ನಿಂತಾಗ ‘ಬಲ ಖಾಲಿ’ ಅನ್ನುವ ವಾದ ತಾನಾಗಿ ಬಿದ್ದುಹೋಗುತ್ತದೆ. ನೆಲ ಹಿಂದಕ್ಕೆ ತಡೆಯುತ್ತಿದೆ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ.

ಇನ್ನು ಸನ್ನೆಕೋಲು, ಅಂದರೆ ಒಂದು ಆಧಾರದ ಮೇಲೆ ತಿರುಗುವ ಕೋಲು. ಹೆಚ್ಚು ಸಮಯ ಇದಕ್ಕೇ ಕೊಡಿ. ಪೆನ್ಸಿಲ್ ಮೇಲೆ ಸ್ಕೇಲ್ ಇಟ್ಟು ನಾಣ್ಯ ಪೇರಿಸುವ ಪ್ರಯೋಗ ಎಲ್ಲರೂ ಮಾಡಿಸುತ್ತಾರೆ, ಎಲ್ಲರಿಗೂ ಕೈಕೊಡುತ್ತದೆ. ಪೆನ್ಸಿಲ್ ಉರುಳುತ್ತದೆ, ಭಾರವೆಲ್ಲ ಆಧಾರದ ಮೇಲ್ಗಡೆ ಇರುವುದರಿಂದ ಸ್ಕೇಲ್ ಮಟ್ಟವಾಗಿ ನಿಲ್ಲುವುದೇ ಇಲ್ಲ, ಬೇರೆಬೇರೆ ವರ್ಷದ ಒಂದು ರೂಪಾಯಿ ನಾಣ್ಯಗಳ ತೂಕವೂ ಒಂದೇ ಅಲ್ಲ. ಬದಲಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೇ ಅಳತೆಯ ಕಬ್ಬಿಣದ ವಾಷರ್ ತನ್ನಿ, ಐದು ಮಕ್ಕಳ ಗುಂಪಿಗೆ 12 ಸಾಕು. 30 ಸೆಂ.ಮೀ. ಮರದ ಸ್ಕೇಲನ್ನು 15ರ ಗುರುತಿನಲ್ಲಿ ದಾರ ಕಟ್ಟಿ ಬೆಂಚಿನ ಅಂಚಿನಿಂದ ತೂಗುಹಾಕಿ. ಬರೀ ಸ್ಕೇಲ್ ಒಂದು ಕಡೆ ವಾಲಿದರೆ ಹಗುರವಾದ ಕಡೆ ಚೂರು ಜೇಡಿಮಣ್ಣು ಮೆತ್ತಿ ಮಟ್ಟ ಮಾಡಿ. ವಾಷರುಗಳನ್ನು ದಾರದ ಕುಣಿಕೆಗೆ ಪೋಣಿಸಿ ನೇರವಾಗಿ ನೇತುಹಾಕಿ. ಕಾಗದದ ಲೋಟ ಬಳಸಬೇಡಿ, ಲೋಟದ ತೂಕವೂ ಲೆಕ್ಕಕ್ಕೆ ಸೇರಿ ಗುಣಾಕಾರ ತಪ್ಪುತ್ತದೆ. ಕುಣಿಕೆ ಜಾರದಂತೆ ದಾರವನ್ನು ಎರಡು ಸುತ್ತು ಸುತ್ತಿಸಿ.

ನಡುವಿನಿಂದ 6 ಸೆಂ.ಮೀ. ದೂರದಲ್ಲಿ 4 ವಾಷರ್ ತೂಗುಹಾಕಿ, ಇನ್ನೊಂದು ಕಡೆ 2 ವಾಷರನ್ನು ಎಲ್ಲಿಟ್ಟರೆ ಮಟ್ಟವಾಗುತ್ತದೆ ಎಂದು ಹುಡುಕಲು ಬಿಡಿ. 12ರಲ್ಲಿ ಸಿಗುತ್ತದೆ. ಮೂರಾದರೆ 8ರಲ್ಲಿ. ಸೂತ್ರ ಹೇಳಬೇಡಿ, ಕೋಷ್ಟಕ ಬರೆಸಿ; ವಾಷರಿನ ಸಂಖ್ಯೆಯನ್ನು ದೂರದಿಂದ ಗುಣಿಸಿದರೆ ಎರಡೂ ಕಡೆ 24 ಬರುತ್ತದೆ ಎಂದು ಅವರೇ ಕಂಡುಕೊಳ್ಳಲಿ. ಆಮೇಲೆ ಬಿಡಬಾರದ ಹೆಜ್ಜೆ: 2 ವಾಷರಿನ ಕಡೆಯನ್ನು 2 ಸೆಂ.ಮೀ. ಕೆಳಗೆ ಒತ್ತಿ, 4 ವಾಷರಿನ ಕಡೆ ಎಷ್ಟು ಮೇಲೇರಿತು ಎಂದು ಇನ್ನೊಂದು ಸ್ಕೇಲಿನಿಂದ ಅಳೆಸಿ. ಒಂದೇ ಸೆಂ.ಮೀ. ‘ಸುಲಭ’ಕ್ಕೆ ತೆತ್ತ ಬೆಲೆ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಮೊದಲನೇ, ಎರಡನೇ, ಮೂರನೇ ವರ್ಗದ ಸನ್ನೆ ಎಂಬ ವಿಂಗಡಣೆ ಈ ವಯಸ್ಸಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಕೀಲು ಎಲ್ಲಿ, ಭಾರ ಎಲ್ಲಿ, ಕೈ ಎಲ್ಲಿ ಎಂದು ತೋರಿಸಲು ಬಂದರೆ ಸಾಕು. ಅಡಕತ್ತರಿಯಲ್ಲಿ ಅಡಿಕೆ ಕೀಲಿಗೆ ಹತ್ತಿರ, ಕೈ ದೂರ. ಚಿಮಟದಲ್ಲಿ ಕೈಯೇ ನಡುವೆ, ಹಾಗಾಗಿ ಬಲದ ಉಳಿತಾಯ ಆಗುವುದಿಲ್ಲ. ಬೆರಳು ಚೂರು ಆಡಿಸಿದರೆ ತುದಿ ಹೆಚ್ಚು ಆಡುತ್ತದೆ.

ಇಳಿಜಾರಿಗೆ 1 ಮೀಟರ್ ಹಲಗೆ, 20 ಸೆಂ.ಮೀ. ಎತ್ತರ, 1 ಕೆ.ಜಿ.ವರೆಗಿನ ಸ್ಪ್ರಿಂಗ್ ತಕ್ಕಡಿ. ಅಕ್ಕಿ ಚೀಲ ಕಟ್ಟಿದ ಆಟಿಕೆ ಲಾರಿ ಒಟ್ಟು 500 ಗ್ರಾಂ ಇರಲಿ. ನೇರ ಎತ್ತಿದರೆ 500, ಇಳಿಜಾರಿನಲ್ಲಿ ಎಳೆದರೆ 100ಕ್ಕಿಂತ ಸ್ವಲ್ಪ ಹೆಚ್ಚು. ಚಕ್ರವಿಲ್ಲದ ಮರದ ತುಂಡು ಬಳಸಿದರೆ ಘರ್ಷಣೆ ಸೇರಿ 300ರ ಆಸುಪಾಸಿಗೂ ಹೋಗಬಹುದು, ಮಕ್ಕಳಿಗೆ ಗೊಂದಲ. ಹೊರಡುವ ಕ್ಷಣದಲ್ಲಿ ಮುಳ್ಳು ಮೇಲೆ ಹಾರುತ್ತದೆ. ನಿಧಾನವಾಗಿ ಒಂದೇ ವೇಗದಲ್ಲಿ ಹೋಗುವಾಗಿನ ಅಂಕಿ ಬರೆಸಿ. ತಕ್ಕಡಿಯನ್ನು ಓರೆಯಾಗಿ ಹಿಡಿದಾಗ ಸೊನ್ನೆ ಸರಿಯುತ್ತದೆ, ಹಾಗೇ ಓರೆ ಹಿಡಿದೇ ಸೊನ್ನೆಗೆ ತನ್ನಿ.

ಇದಾದ ಮೇಲೆ ಟೇಪು ಹಿಡಿದು ಹೊರಗೆ ಹೊರಡಿ. ಗಾಲಿಕುರ್ಚಿಯ ರ‍್ಯಾಂಪಿಗೆ 1:12 ಎಂಬ ಅಳತೆ ಇದೆ, 1 ಮೀಟರ್ ಏರಲು 12 ಮೀಟರ್ ಉದ್ದ. ನಮ್ಮ ಬೀದಿಗಳಲ್ಲಿ ಮನೆ ಗೇಟಿನ ಮುಂದೆ ಸ್ಕೂಟರ್ ಹತ್ತಿಸಲು ಹಾಕಿದ ಸಿಮೆಂಟ್ ಇಳಿಜಾರನ್ನು ಅಳೆದು ಇದರ ಜೊತೆ ಹೋಲಿಸಲಿ. ಅದು ಯಾಕೆ ಅಷ್ಟು ಕಡಿದು, ಗಾಲಿಕುರ್ಚಿಯಲ್ಲಿ ಅಲ್ಲಿ ಹತ್ತಲಾದೀತೇ ಎಂದು ಕೇಳಿ.

ತಿರುಪು ಸುತ್ತಿಟ್ಟ ಇಳಿಜಾರು ಎನ್ನಲು 20 ಸೆಂ.ಮೀ. ಅಡಿ, 8 ಸೆಂ.ಮೀ. ಎತ್ತರದ ಲಂಬಕೋನ ಕಾಗದದ ಓರೆ ಅಂಚಿಗೆ ಬಣ್ಣ ಬಳಿದು, ಎತ್ತರದ ಕಡೆಯಿಂದ ಪೆನ್ಸಿಲಿಗೆ ಸುತ್ತಿಸಿ. ಬೆಣೆಗೆ ಈಳಿಗೆಯ ಬಾಯಿ, ಚಕ್ರ–ಅಚ್ಚಿಗೆ ನಲ್ಲಿಯ ತಲೆ ತೋರಿಸಿದರೆ ಸಾಕು.

ರಾಟೆಯಲ್ಲಿ ಮಕ್ಕಳು ಮಾತ್ರವಲ್ಲ, ಶಿಕ್ಷಕರೂ ಎಡವುತ್ತಾರೆ. ಬಾವಿಯ ಒಂಟಿ ರಾಟೆ ಬಲ ಉಳಿಸುವುದಿಲ್ಲ, ದಿಕ್ಕು ಬದಲಿಸುತ್ತದೆ. ಕೆಳಗೆ ಎಳೆಯುವಾಗ ಮೈಭಾರ ನೆರವಿಗೆ ಬರುತ್ತದೆ. ಬಲ ಉಳಿಯುವುದನ್ನು ತೋರಿಸಲು ರಾಟೆಯೇ ಬೇಡ. ಇಬ್ಬರು ಮಕ್ಕಳು ಎರಡು ಮಾಪ್ ಕೋಲುಗಳನ್ನು ಅರ್ಧ ಮೀಟರ್ ಅಂತರದಲ್ಲಿ ಹಿಡಿಯಲಿ. 5 ಮೀಟರ್ ನುಣುಪಾದ ನೈಲಾನ್ ಹಗ್ಗದ ತುದಿಯನ್ನು ಒಂದು ಕೋಲಿಗೆ ಬಿಗಿದು, ಎರಡೂ ಕೋಲುಗಳ ಸುತ್ತ ಹಿಂದೆ ಮುಂದೆ ಮೂರು ನಾಲ್ಕು ಸಲ ಸುತ್ತಿ ತನ್ನಿ. ತರಗತಿಯ ಪುಟ್ಟ ಹುಡುಗಿ ಎಳೆದರೂ ಇಬ್ಬರೂ ಹತ್ತಿರ ಬರುತ್ತಾರೆ, ಆದರೆ ಅವಳ ಕೈಗೆ ಹಗ್ಗ ಗಜಗಟ್ಟಲೆ ಬಂದಿರುತ್ತದೆ, ಅದನ್ನೂ ಅಳೆಸಿ. ಸೆಣಬಿನ ಹಗ್ಗ ಹಿಡಿದುಕೊಳ್ಳುತ್ತದೆ, ಬೇಡ. ಸುತ್ತು ಹೆಚ್ಚಿಸುತ್ತ ಹೋದರೆ ಉಳಿತಾಯವಾದ ಬಲವನ್ನೆಲ್ಲ ಘರ್ಷಣೆ ನುಂಗುತ್ತದೆ. ಬೆರಳು ಹಗ್ಗದ ಹತ್ತಿರ ಇರಲೇಬಾರದು, ಕೋಲಿನ ತುದಿಗಳನ್ನಷ್ಟೇ ಹಿಡಿಯಲಿ.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದೊಯ್ಯುವುದಾದರೆ ಇದೆಲ್ಲ ಮುಗಿದ ಮೇಲೆ ಹೋಗಿ. ಪ್ರತಿ ಗುಂಪೂ ಅಲ್ಲಿ ಒಂದೇ ಯಂತ್ರದ ಮುಂದೆ ನಿಂತು, ಬಲ ಎಲ್ಲಿಂದ ಹೊರಟು ಎಲ್ಲಿಗೆ ತಲುಪಿತು ಎಂದು ಚಿತ್ರ ಬರೆಯಲಿ. ಪರೀಕ್ಷೆಗೆ ಹೆಸರು ಕೇಳಬೇಡಿ. ‘2 ಮೀಟರ್ ಹಲಗೆ, 4 ಮೀಟರ್ ಹಲಗೆ ಎರಡೂ ಇವೆ, ಡ್ರಮ್ಮನ್ನು ಅದೇ ಲಾರಿಗೆ ಉರುಳಿಸಿ ಹತ್ತಿಸಬೇಕು, ಯಾವುದು ಆರಿಸುತ್ತೀ, ಯಾಕೆ?’ ಎಂದು ಕೇಳಿ. ‘ಉದ್ದದ್ದು, ಸುಲಭ’ ಎಂದರೆ ಅರ್ಧ ಅಂಕ. ‘ಆದರೆ ಎರಡರಷ್ಟು ದೂರ ತಳ್ಳಬೇಕು’ ಎಂದೂ ಸೇರಿಸಿದರೆ ಪೂರ್ತಿ.