ಕರಿ ಕಲ್ಲು, ಇದ್ದಿಲು ಬಿಟ್ಟರೆ ಏನೂ ಸಿಗದ ದಿಬ್ಬ ಅಗೆಯಲು ಐರ್ಲೆಂಡಿನಲ್ಲಿ ರಸ್ತೆ ಕೆಲಸ ಯಾಕೆ ನಿಲ್ಲಿಸುತ್ತಾರೆ? ಇವೂ ನಮ್ಮ ಬಳ್ಳಾರಿ ಬೂದಿಗುಡ್ಡದ ಥರಾನಾ?

ಮೊದಲು ಒಂದು ತಿದ್ದುಪಡಿ. ಸಾಮಾನ್ಯವಾಗಿ ಕೆಲಸ ನಿಲ್ಲಿಸುವುದಿಲ್ಲ, ರಸ್ತೆಯವರು ಬರುವ ಮೊದಲೇ ಅಗೆದು ಮುಗಿಸುತ್ತಾರೆ. ಓದಲೆಂದು ಐರ್ಲೆಂಡಿಗೆ ಹೋದ ನಾನು, ಅಲ್ಲಿ ಹೆದ್ದಾರಿ ಕೆಲಸ ಜೋರಾಗಿದ್ದ 2000ದ ದಶಕದಲ್ಲಿ ಒಂದು ಬೇಸಿಗೆ ಇಂಥ ಕಡೆ ಕೂಲಿ ಮಾಡಿದ್ದೇನೆ. ಕರಣೆ ಹಿಡಿದವನ ಉತ್ತರ ಅಂತಲೇ ಓದಿಕೊಳ್ಳಿ.

ಈ ದಿಬ್ಬಗಳನ್ನು ಅಲ್ಲಿ ‘ಫುಲಖ್ತ್ ಫೀಯ’ ಅನ್ನುತ್ತಾರೆ. ದಾಖಲಾದವೇ 7000ದ ಆಸುಪಾಸು ಇವೆ. ಹೆಚ್ಚಿನವು ಕಂಚಿನ ಯುಗದವು, ಅಂದರೆ ಸುಮಾರು 3000–4000 ವರ್ಷ ಹಳೆಯವು.

ಹಿಟಾಚಿಗೆ ಹಲ್ಲಿಲ್ಲದ ಬಕೆಟ್ ಹಾಕಿ ಮೇಲ್ಮಣ್ಣನ್ನು ತೆಳ್ಳಗೆ ಕೆರೆಯುತ್ತಾ ಹೋಗುತ್ತಾರೆ. ಪಕ್ಕದಲ್ಲೇ ಒಬ್ಬ ಪುರಾತತ್ವದವನು ಮಣ್ಣು ನೋಡುತ್ತಾ ನಡೆಯುತ್ತಾನೆ. ಅವನು ಕೈ ಎತ್ತಿದರೆ ಯಂತ್ರ ನಿಲ್ಲಬೇಕು. ನಮ್ಮ ಜಾಗದಲ್ಲಿ ಉತ್ತು ಉತ್ತು ದಿಬ್ಬ ಸಮವಾಗಿಬಿಟ್ಟಿತ್ತು. ಕಂದು ಮಣ್ಣಿನಲ್ಲಿ ಯಾರೋ ಮೂಟೆಗಟ್ಟಲೆ ಇದ್ದಿಲ ಪುಡಿ ಚೆಲ್ಲಿದಂತೆ ಒಂದು ಕರಿ ಕಲೆ, ಅಷ್ಟೇ. ಅದರೊಳಗೆ ಮುಷ್ಟಿಗಾತ್ರದ, ಬಿರುಕು ಬಿಟ್ಟ ಕಲ್ಲುಗಳು. ಕೆಲವನ್ನು ಹಿಸುಕಿದರೆ ಕೈಯಲ್ಲೇ ಪುಡಿ.

ಆ ಕಾಲದ ಜನ ಮಾಡುತ್ತಿದ್ದುದು ಇಷ್ಟು. ನೆಲದಲ್ಲಿ ತೊಟ್ಟಿ ತೋಡಿ, ಒಳಗೆ ಹಲಗೆ ಇಲ್ಲವೇ ಚಪ್ಪಡಿ ಕೂರಿಸಿ, ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳನ್ನು ನೀರಿಗೆ ಹಾಕುವುದು. 1950ರ ದಶಕದಲ್ಲಿ ಎಂ. ಜೆ. ಓಕೆಲಿ ಎಂಬ ಪುರಾತತ್ವಜ್ಞ ಕಾರ್ಕ್ ಕೌಂಟಿಯ ಬ್ಯಾಲಿವುರ್ನಿಯಲ್ಲಿ ಇದನ್ನೇ ಮಾಡಿ ನೋಡಿದರು. ಸುಮಾರು 450 ಲೀಟರ್ ನೀರು ಅರ್ಧ ಗಂಟೆಯ ಹೊತ್ತಿಗೆ ಕುದಿಯಿತು. ಹುಲ್ಲಿನಲ್ಲಿ ಸುತ್ತಿದ 4.5 ಕಿಲೋ ಕುರಿ ತೊಡೆ 3 ಗಂಟೆ 40 ನಿಮಿಷದಲ್ಲಿ ಬೆಂದಿತು. ಒಡೆದ ಕಲ್ಲನ್ನು ತೊಟ್ಟಿಯ ಸುತ್ತ ಎಸೆದೂ ಎಸೆದೂ ಲಾಳದ ಆಕಾರದ ದಿಬ್ಬ ಬೆಳೆಯುತ್ತದೆ.

ನನಗೆ ರೇಗುತ್ತಿದ್ದುದು ನಾವು ಅಗೆದ ಜಾಗದ ತೊಟ್ಟಿಯ ಮೇಲೆ. ಸಂಜೆ ಖಾಲಿ ಮಾಡಿ ಹೋದರೆ ಬೆಳಿಗ್ಗೆ ಅಂಚಿನ ತನಕ ನೀರು. ಬಕೆಟ್ಟಿನಲ್ಲಿ ಮೊಗೆದು ಮೊಗೆದು ಸೊಂಟ ಬಿದ್ದುಹೋಗಿತ್ತು. ಮೂರನೇ ದಿನ ನಾನು ಕನ್ನಡದಲ್ಲೇ ಬೈಯುತ್ತಿದ್ದದ್ದು ಮೇಲ್ವಿಚಾರಕಿಗೆ ಅರ್ಥವಾಯಿತು ಅಂತ ಕಾಣುತ್ತದೆ, ನಕ್ಕುಬಿಟ್ಟಳು. ‘ಆ ನೀರಿಗೋಸ್ಕರ ತಾನೇ ಅವರು ಇಲ್ಲಿ ತೋಡಿದ್ದು’ ಅಂದಳು. ಹೌದಲ್ವಾ! ಒರತೆ ಇರುವ ಕಡೆ ತೋಡಿದರೆ ಕೊಡ ಹೊರುವ ಕೆಲಸವೇ ಇಲ್ಲ. ತಳದಲ್ಲಿ ಹಲಗೆ ಸಿಕ್ಕಿತು, ಮೇಲೆ ಕೊಡಲಿ ಏಟಿನ ಗುರುತು. ತೆಗೆದಾಗ ನಿನ್ನೆ ಕಡಿದ ಮರದಂಥ ಬಣ್ಣ, ನೋಡನೋಡುತ್ತಲೇ ಕಪ್ಪಾಯಿತು. ಒಣಗಿದರೆ ಸೀಳುತ್ತದೆ ಅಂತ ದಿನವಿಡೀ ನೀರು ಚಿಮುಕಿಸಿದೆವು. ಬೆಳಿಗ್ಗೆ ನೀರು ಎತ್ತುವುದು, ಆಮೇಲೆ ನೀರು ಹಾಕುವುದು!

ಹಾಗಾದರೆ ಅದರಲ್ಲಿ ಏನು ಮಾಡುತ್ತಿದ್ದರು? ಮೂಳೆ ಸಿಗುವುದು ಕಡಿಮೆ, ಹಾಗಾಗಿ ಮಾಂಸ ಬೇಯಿಸಲೆಂದೇ ಅಂತ ಖಚಿತವಾಗಿ ಹೇಳಲಾಗದು. ಅಡುಗೆ, ಸ್ನಾನ, ಬಟ್ಟೆಗೆ ಬಣ್ಣ, ಚರ್ಮ ಹದ, ಹೀಗೆ ಒಬ್ಬೊಬ್ಬರದು ಒಂದೊಂದು ವಾದ. 2007ರಲ್ಲಿ ಗಾಲ್ವೇಯ ಇಬ್ಬರು ಪುರಾತತ್ವಜ್ಞರು ಈ ವಿಧಾನದಲ್ಲಿ ಬಿಯರ್ ಕೂಡ ಮಾಡಿದರು. ನನ್ನ ಮಟ್ಟಿಗೆ ಇದು ಅನಗತ್ಯ ಜಗಳ. ನಮ್ಮಜ್ಜಿ ಮನೆ ಹಂಡೆಯಲ್ಲಿ ಸ್ನಾನಕ್ಕೂ ನೀರು ಕಾಯುತ್ತಿತ್ತು, ಭತ್ತವೂ ಬೇಯುತ್ತಿತ್ತು. ಬಿಸಿನೀರು ಅಂದಮೇಲೆ ಒಂದೇ ಕೆಲಸ ಯಾಕಿರಬೇಕು?

ವಸ್ತು ಸಿಗುವುದಿಲ್ಲ ಅಂತಲೇ ಪೂರ್ತಿ ಅಗೆಯಬೇಕು. ತೊಟ್ಟಿಯ ಅಳತೆ, ಕಲ್ಲಿನ ಜಾತಿ, ಇದ್ದಿಲು ಯಾವ ಮರದ್ದು, ಇರುವ ಸಾಕ್ಷಿ ಇವೇ. ಕಾಲ ತಿಳಿಯಲು ಹೇಜಲ್ ಗಿಡದ ಸಣ್ಣ ಕಡ್ಡಿಯ ಇದ್ದಿಲು ಹುಡುಕುತ್ತಾರೆ. ಕಡ್ಡಿಯಾದರೆ ಕೆಲವೇ ವರ್ಷದ್ದು, ಓಕ್ ಮರದ ತಿರುಳು ಆ ಬೆಂಕಿಗಿಂತ ನೂರಾರು ವರ್ಷ ಹಳೆಯದಿರಬಹುದು. ಇನ್ನೊಂದು, ಸಂಶೋಧಕರು ಗೋರಿ, ಕೋಟೆ ಅಂತ ಹುಡುಕಿಕೊಂಡು ಹೋಗುತ್ತಾರೆ. ಜೌಗು ಗದ್ದೆಯನ್ನು ನೇರವಾಗಿ ಸೀಳಿಕೊಂಡು ಹೋಗುವುದು ರಸ್ತೆಯೇ. ಖರ್ಚು ರಸ್ತೆ ಯೋಜನೆಯ ಲೆಕ್ಕದಲ್ಲೇ ಬರುತ್ತದೆ.

ಬಳ್ಳಾರಿಯವು ಬೇರೆ. ಅವು ದನ ಸಾಕುತ್ತಿದ್ದ ನವಶಿಲಾಯುಗದ ಜನ ಸುಟ್ಟ ಸಗಣಿಯ ಬೂದಿ, ಕೆಲವು ಇನ್ನೂ ಹಳೆಯವು. ಹೋಲಿಕೆ ಇರುವುದು ಕಥೆಯಲ್ಲಿ. ಹಂಪಿ ಹತ್ತಿರದ ನಿಂಬಾಪುರದ ಬೂದಿಯನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಐರಿಷ್ ಜನ ತಮ್ಮ ದಿಬ್ಬಗಳನ್ನು ಫಿಯಾನ ಎಂಬ ಪುರಾಣದ ಬೇಟೆಗಾರ ವೀರರ ಅಡುಗೆ ಗುಂಡಿ ಅಂದರು. ಅಲ್ಲಿ ನಾವು ಅಗೆದ ಜಾಗದಲ್ಲಿ ಈಗ ಡಾಂಬರು ಬಿಟ್ಟರೆ ನೋಡಲು ಏನೂ ಇಲ್ಲ. ದಿಬ್ಬ ನೋಡಲೇಬೇಕು ಅಂತಿದ್ದರೆ ಸುಮ್ನೆ ನಿಂಬಾಪುರಕ್ಕೆ ಹೋಗಿಬನ್ನಿ.